ಭೂಮಿಯ ಕಕ್ಷೆ ದಾಟಿ ಮನುಷ್ಯರ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ಗಗನಯಾನದ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಮುಂದೇನು? ಚಂದ್ರನಲ್ಲಿ ಮನೆ ಯಾವಾಗ, ಮಂಗಳಕ್ಕೆ ಹೋಗುವವರು ಯಾರು? ರಾಕೆಟ್ ತೋರಿಸಿ ಇದಕ್ಕೆ ಉತ್ತರ ಹೇಳುವವರೇ ಜಾಸ್ತಿ. ರಾಕೆಟ್ ಬೇಕು, ನಿಜ. ಆದರೆ ನೆಲ ಬಿಟ್ಟು ಕಕ್ಷೆ ಸೇರುವುದು ಹತ್ತು ನಿಮಿಷದ ಕೆಲಸ. ಆಮೇಲೆ ಎರಡು ಮೂರು ವರ್ಷ ಜನ ಉಸಿರಾಡಬೇಕು, ನೀರು ಕುಡಿಯಬೇಕು, ಕಾಯಿಲೆ ಬಿದ್ದರೆ ಗುಣವಾಗಬೇಕು, ಕೆಟ್ಟುಹೋದ ಯಂತ್ರವನ್ನು ತಾವೇ ರಿಪೇರಿ ಮಾಡಿಕೊಳ್ಳಬೇಕು. ನಿಜವಾದ ಕಷ್ಟ ಇರುವುದು ಅಲ್ಲಿ. ಕೆಳಗಿನ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಈಗಲೂ ಜನ ಇದ್ದಾರಲ್ಲ, ಅದಕ್ಕಿಂತ ಇದು ಹೇಗೆ ಬೇರೆ?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಬೆಂಗಳೂರಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ದೂರ, ಅಷ್ಟೇ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ಆಚೆ. ಮಂಗಳ ತೀರಾ ಹತ್ತಿರ ಬಂದಾಗಲೂ ಸುಮಾರು ಐದೂವರೆ ಕೋಟಿ ಕಿ.ಮೀ. ದೂರವಿರುತ್ತದೆ. ಸೂರ್ಯನ ಆಚೆ ಬದಿಗೆ ಹೋದಾಗ ಅದು 40 ಕೋಟಿ ಮುಟ್ಟುತ್ತದೆ.

ದೂರ ಹೆಚ್ಚಾದಂತೆ ವಾಪಸ್ ಬರುವ ದಾರಿ ಮುಚ್ಚುತ್ತಾ ಹೋಗುತ್ತದೆ. ನಿಲ್ದಾಣದಲ್ಲಿ ಏನಾದರೂ ಅನಾಹುತವಾದರೆ ಅಲ್ಲೇ ಜೋಡಿಸಿಟ್ಟ ನೌಕೆಗೆ ಹತ್ತಿ ಕೆಲವೇ ಗಂಟೆಗಳಲ್ಲಿ ಭೂಮಿಗೆ ಇಳಿಯಬಹುದು. ಚಂದ್ರನಿಂದ ಮೂರು ದಿನ ಬೇಕು. ಮಂಗಳದಿಂದ ಬೇಕೆಂದಾಗ ಹೊರಡುವುದಕ್ಕೇ ಆಗುವುದಿಲ್ಲ. ಭೂಮಿ ಮತ್ತು ಮಂಗಳ ಸರಿಯಾದ ಜಾಗಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ, ಅಲ್ಲಿಯವರೆಗೆ ಕಾಯಲೇಬೇಕು.

1970ರ ಏಪ್ರಿಲ್‌ನಲ್ಲಿ ಚಂದ್ರನಿಗೆ ಹೊರಟಿದ್ದ ಅಮೆರಿಕದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿದಾಗ ಅದು ಭೂಮಿಯಿಂದ ಸುಮಾರು 3,20,000 ಕಿ.ಮೀ. ದೂರದಲ್ಲಿತ್ತು. ಚಂದ್ರನ ಮೇಲೆ ಇಳಿಯಲು, ಇಬ್ಬರು ಎರಡು ದಿನ ಇರಲೆಂದು ಮಾಡಿದ್ದ ಪುಟ್ಟ ನೌಕೆಯಲ್ಲಿ ಮೂವರು ನಾಲ್ಕು ದಿನದ ಹತ್ತಿರ ಚಳಿಯಲ್ಲಿ ಕಳೆದು ಜೀವ ಉಳಿಸಿಕೊಂಡರು. ಅವರು ಬದುಕಿದ್ದು ಮನೆ ನಾಲ್ಕು ದಿನದ ದಾರಿಯಲ್ಲಿ ಇದ್ದದ್ದರಿಂದ. ಅದೇ ಅವಘಡ ಮಂಗಳದ ದಾರಿಯಲ್ಲಿ ಆಗಿದ್ದರೆ ಅವರು ಉಳಿಯುತ್ತಿರಲಿಲ್ಲ.

1972ರಲ್ಲೇ ಚಂದ್ರನಿಗೆ ಹೋಗಿ ಬಂದವರಿಗೆ ಮತ್ತೆ ಹೋಗಲು ಇಷ್ಟು ವರ್ಷ ಯಾಕೆ ಬೇಕಾಯಿತು?

ಹಣ ಮೊದಲ ಕಾರಣ. 1960ರ ದಶಕದ ನಡುವೆ ಅಮೆರಿಕ ತನ್ನ ಕೇಂದ್ರ ಬಜೆಟ್ಟಿನ ಶೇ 4ಕ್ಕಿಂತ ಜಾಸ್ತಿ ಹಣವನ್ನು ನಾಸಾಗೆ ಕೊಡುತ್ತಿತ್ತು. ರಷ್ಯಾವನ್ನು ಮೀರಿಸುವುದೇ ಆಗಿನ ಗುರಿ. ಗುರಿ ಮುಟ್ಟಿದ ಮೇಲೆ ಹಣವೂ ನಿಂತಿತು, ಸ್ಯಾಟರ್ನ್ 5 ರಾಕೆಟ್ ಮಾಡುವ ಕಾರ್ಖಾನೆಗಳೂ ನಿಂತವು.

ಎರಡನೆಯದು ಕೆಲಸವೇ ಬೇರೆಯಾಗಿದೆ. 1972ರ ಡಿಸೆಂಬರ್‌ನಲ್ಲಿ ಹೋದ ಅಪೊಲೊ 17ರವರು ಚಂದ್ರನ ನೆಲದಲ್ಲಿ ಇದ್ದದ್ದು ಸುಮಾರು ಮೂರು ದಿನ. ಎಲ್ಲ ಅಪೊಲೊ ಯಾತ್ರೆಗಳೂ ಸೂರ್ಯನ ಬೆಳಕಿರುವ ಹೊತ್ತು ನೋಡಿ, ಸಮಭಾಜಕಕ್ಕೆ ತೀರಾ ದೂರವಲ್ಲದ ಜಾಗಗಳಲ್ಲಿ ಇಳಿದವು. ಈಗ ಹೋಗಬೇಕೆಂದಿರುವುದು ದಕ್ಷಿಣ ಧ್ರುವಕ್ಕೆ. ಅಲ್ಲಿ ವಾರಗಟ್ಟಲೆ, ಮುಂದೆ ತಿಂಗಳುಗಟ್ಟಲೆ ಇರಬೇಕು. ಮೂರು ದಿನಕ್ಕೆ ಬೇಕಾದ ಗಾಳಿ ನೀರನ್ನು ಕಟ್ಟಿಕೊಂಡು ಹೋಗಬಹುದು. ಮೂರು ತಿಂಗಳಿಗೆ ಅದು ಆಗದ ಮಾತು.

ಚಂದ್ರನಿಂದ ವಾಪಸ್ ಬರುವ ನೌಕೆಗೆ ಶಾಖದ ಕವಚ ಅಷ್ಟು ಮುಖ್ಯ ಯಾಕೆ?

ನಿಲ್ದಾಣದಿಂದ ಇಳಿಯುವ ನೌಕೆ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ಬರುತ್ತದೆ. ಚಂದ್ರನಿಂದ ಬರುವುದು ಸುಮಾರು 40,000 ಕಿ.ಮೀ. ವೇಗದಲ್ಲಿ. ವೇಗ ಒಂದೂವರೆ ಪಟ್ಟೂ ಆಗಲಿಲ್ಲ, ಆದರೆ ಶಾಖವಾಗಿ ಕಳೆಯಬೇಕಾದ ಶಕ್ತಿ ಎರಡು ಪಟ್ಟಾಗುತ್ತದೆ. ನಾಸಾದ ಒರಾಯನ್ ನೌಕೆಯ ತಳ ಆಗ ಸುಮಾರು 2,760 ಡಿಗ್ರಿ ಸೆಲ್ಸಿಯಸ್ ಬಿಸಿ ಎದುರಿಸುತ್ತದೆ. ತಳಕ್ಕೆ ಅವ್‌ಕೋಟ್ ಎಂಬ ವಸ್ತುವಿನ ದಪ್ಪ ಪದರ ಹಚ್ಚಿರುತ್ತಾರೆ. ಅದು ಸುಟ್ಟು ಕರಕಲಾಗುತ್ತಾ, ಸವೆಯುತ್ತಾ ಬಿಸಿಯನ್ನು ಒಳಗೆ ಬಿಡದೆ ಕಾಯುತ್ತದೆ.

ಚಂದ್ರನಿಗೆ ಮತ್ತೆ ಜನರನ್ನು ಕಳಿಸುವ ನಾಸಾ ಯೋಜನೆಯ ಹೆಸರು ಆರ್ಟೆಮಿಸ್. 2022ರ ನವೆಂಬರ್ 16ರಂದು ಹೊರಟ ಆರ್ಟೆಮಿಸ್ 1 ಹಾರಾಟದಲ್ಲಿ ಒರಾಯನ್ ಯಾರೂ ಇಲ್ಲದೆ ಚಂದ್ರನ ಸುತ್ತ ಹೋಗಿ, ಡಿಸೆಂಬರ್ 11ರಂದು ಪೆಸಿಫಿಕ್ ಸಾಗರದಲ್ಲಿ ಇಳಿಯಿತು. ಎಲ್ಲ ಸರಿ ಹೋಯಿತು ಅಂತಲೇ ಮೊದಲು ಕಂಡಿತು. ಆಮೇಲೆ ಕವಚ ನೋಡಿದರೆ ನೂರಕ್ಕೂ ಹೆಚ್ಚು ಕಡೆ ಕರಕಲು ಪದರ ಚೂರು ಚೂರಾಗಿ ಕಿತ್ತುಹೋಗಿತ್ತು. ಸವೆಯಬೇಕಿದ್ದದ್ದು ಉದುರಿತ್ತು.

ಕಾರಣ ಹುಡುಕಲು ಎರಡು ವರ್ಷ ಹಿಡಿಯಿತು. ಒರಾಯನ್ ಒಂದೇ ಸಲ ಧುಮುಕುವುದಿಲ್ಲ. ವಾತಾವರಣದ ಮೇಲುಪದರ ಮುಟ್ಟಿ, ಸ್ವಲ್ಪ ಮೇಲೆದ್ದು, ಮತ್ತೆ ಇಳಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಹೊರಗಿನ ಬಿಸಿ ಕಡಿಮೆಯಾಗಿ ಮೇಲಿನ ಪದರ ಕರಕಲಾಗುವುದು ನಿಧಾನವಾಯಿತು. ಒಳಗೆ ಮಾತ್ರ ಅನಿಲ ಹುಟ್ಟುತ್ತಲೇ ಇತ್ತು. ಹೊರಹೋಗಲು ಸಣ್ಣ ರಂಧ್ರಗಳ ದಾರಿ ಸಾಲದೆ ಒತ್ತಡ ಕಟ್ಟಿಕೊಂಡು, ಪದರ ಬಿರುಕು ಬಿಟ್ಟಿತು. 2024ರ ಡಿಸೆಂಬರ್‌ನಲ್ಲಿ ನಾಸಾ ಇದನ್ನು ಪ್ರಕಟಿಸಿತು. ಮನುಷ್ಯರು ಹೋಗಬೇಕಾದ ಆರ್ಟೆಮಿಸ್ 2ರ ಕವಚವನ್ನು ಅಷ್ಟರಲ್ಲಾಗಲೇ ನೌಕೆಗೆ ಜೋಡಿಸಿ ಆಗಿತ್ತು. ಹಾಗಾಗಿ ಕವಚದ ಬದಲು ವಾಪಸ್ ಬರುವ ದಾರಿಯನ್ನೇ ಬದಲಿಸುವ ತೀರ್ಮಾನವಾಯಿತು.

ಈ ಪ್ರಸಂಗವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನೆಲದ ಮೇಲಿನ ಪ್ರಯೋಗಗಳಲ್ಲಿ ಈ ದೋಷ ಕಾಣಲಿಲ್ಲ. ಯಾರೂ ಇಲ್ಲದ ನೌಕೆಯನ್ನು ನಿಜವಾಗಿ ಚಂದ್ರನಿಗೆ ಕಳಿಸಿದ್ದಕ್ಕೇ ಅದು ಸಿಕ್ಕಿತು. ‘ಖಾಲಿ ನೌಕೆ ಕಳಿಸಿ ಯಾಕೆ ದುಡ್ಡು ದಂಡ ಮಾಡುತ್ತಾರೆ’ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ವಿಕಿರಣದಿಂದ ನಿಜವಾಗಲೂ ಅಪಾಯ ಇದೆಯಾ, ಅಥವಾ ಸುಮ್ನೆ ಹೆದರಿಸುತ್ತಾರಾ?

ಇದೆ. ನನ್ನ ಪ್ರಕಾರ ಮಂಗಳಯಾತ್ರೆಗೆ ಇನ್ನೂ ಪೂರ್ತಿ ಉತ್ತರ ಸಿಗದಿರುವ ದೊಡ್ಡ ಪ್ರಶ್ನೆ ಇದು.

ಭೂಮಿಯ ಕಾಂತಕ್ಷೇತ್ರ ಮತ್ತು ದಪ್ಪ ಗಾಳಿ ನಮ್ಮನ್ನು ಕಾಪಾಡುತ್ತವೆ. ನಿಲ್ದಾಣದಲ್ಲಿ ಇರುವವರಿಗೆ ಗಾಳಿಯ ರಕ್ಷಣೆ ಇಲ್ಲ, ಕಾಂತಕ್ಷೇತ್ರದ್ದು ಇದೆ. ಆಚೆ ಹೋದವರಿಗೆ ಎರಡೂ ಇಲ್ಲ. ನೆಲದ ಮೇಲೆ ನಮಗೆ ಸಹಜವಾಗಿ ತಾಗುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅಳೆದದ್ದು ದಿನಕ್ಕೆ ಸುಮಾರು 1.8. ಮಂಗಳದ ನೆಲದಲ್ಲಿ ದಿನಕ್ಕೆ ಸುಮಾರು 0.65. ಹೋಗಲು ಆರು ತಿಂಗಳು, ಬರಲು ಆರು ತಿಂಗಳು, ಅಲ್ಲಿ 500 ದಿನ ಎಂದು ಲೆಕ್ಕ ಹಾಕಿದರೆ ಒಟ್ಟು 1,000 ಮಿಲಿಸೀವರ್ಟ್ ಹತ್ತಿರ ಬರುತ್ತದೆ. ಒಬ್ಬ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ನಾಸಾ ಇಟ್ಟಿರುವ ಮಿತಿ 600.

ಇದರಲ್ಲಿ ಎರಡು ಬಗೆ. ಸೂರ್ಯನಿಂದ ಒಮ್ಮೊಮ್ಮೆ ಸಿಡಿಯುವ ಕಣಗಳ ಬಿರುಗಾಳಿ ಒಂದು. 1972ರ ಆಗಸ್ಟ್‌ನಲ್ಲಿ ಅಂಥ ಬಲು ಜೋರಾದ ಬಿರುಗಾಳಿ ಎದ್ದಿತ್ತು. ಏಪ್ರಿಲ್‌ನಲ್ಲಿ ಅಪೊಲೊ 16 ವಾಪಸ್ ಬಂದಿತ್ತು, ಡಿಸೆಂಬರ್‌ನಲ್ಲಿ ಅಪೊಲೊ 17 ಹೊರಡಬೇಕಿತ್ತು. ಆ ದಿನಗಳಲ್ಲಿ ಯಾರೂ ಚಂದ್ರನ ಮೇಲೆ ಇರಲಿಲ್ಲ ಎನ್ನುವುದು ಬರೀ ಅದೃಷ್ಟ. ಈ ಬಗೆಯ ಕಣಗಳನ್ನು ತಡೆಯಬಹುದು. ಮುನ್ಸೂಚನೆ ಸಿಕ್ಕ ಕೂಡಲೇ ಒರಾಯನ್‌ನ ನಾಲ್ವರು ನೌಕೆಯ ನಡುವಿನ ಜಾಗದಲ್ಲಿ ಮುದುರಿ ಕೂತು, ಸುತ್ತ ಸಾಮಾನಿನ ಚೀಲಗಳನ್ನು ಒಟ್ಟಿಕೊಳ್ಳುವ ವ್ಯವಸ್ಥೆ ಇದೆ.

ಇನ್ನೊಂದು ಬಗೆ ಕಷ್ಟದ್ದು. ನಮ್ಮ ಆಕಾಶಗಂಗೆಯ ಎಲ್ಲ ಕಡೆಯಿಂದ ಸದಾ ಬರುವ ಭಾರೀ ವೇಗದ ಕಣಗಳು ಇವು. ಅಲ್ಯೂಮಿನಿಯಂ ಗೋಡೆ ದಪ್ಪ ಮಾಡಿದರೆ ಕಣ ಲೋಹಕ್ಕೆ ಬಡಿದು ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಅದಕ್ಕೇ ಹೈಡ್ರೋಜನ್ ಜಾಸ್ತಿ ಇರುವ ವಸ್ತುಗಳ ಮೇಲೆ ಕಣ್ಣು. ನೀರು, ಪಾಲಿಥಿಲೀನ್ ಪ್ಲಾಸ್ಟಿಕ್, ಕಟ್ಟಿಟ್ಟ ಊಟವನ್ನು ಗೋಡೆಯ ಪಕ್ಕ ಜೋಡಿಸುವುದೂ ಒಂದು ಉಪಾಯ. ಆರ್ಟೆಮಿಸ್ 1ರಲ್ಲಿ ಹೆಲ್ಗಾ ಮತ್ತು ಜೊಹಾರ್ ಎಂಬ ಎರಡು ಹೆಣ್ಣು ಗೊಂಬೆಗಳು ಕೂತಿದ್ದವು. ಒಳಗೆಲ್ಲ ವಿಕಿರಣ ಅಳೆಯುವ ಸಾಧನ. ಜೊಹಾರ್‌ಗೆ ರಕ್ಷಣೆಯ ಅಂಗಿ ತೊಡಿಸಿದ್ದರು, ಹೆಲ್ಗಾಗೆ ಇಲ್ಲ. ಮಹಿಳೆಯರ ದೇಹಕ್ಕೆ ವಿಕಿರಣದಿಂದ ಕ್ಯಾನ್ಸರ್ ಅಪಾಯ ಜಾಸ್ತಿ ಎಂಬುದು ಗೊತ್ತಿದ್ದರೂ, ಅಪೊಲೊ ಕಾಲದಲ್ಲಿ ಹೋದ 24 ಮಂದಿಯೂ ಗಂಡಸರೇ. ಹಾಗಾಗಿ ಈ ಅಳತೆ ಬಹಳ ಹಿಂದೆಯೇ ಆಗಬೇಕಿತ್ತು.

ಗಾಳಿ ಮತ್ತು ನೀರಿಗೆ ಏನು ಮಾಡುತ್ತಾರೆ?

ಬಳಸಿದ್ದನ್ನೇ ಮತ್ತೆ ಬಳಸುತ್ತಾರೆ. ಲೆಕ್ಕ ನೋಡಿದರೆ ಯಾಕೆಂದು ತಿಳಿಯುತ್ತದೆ. ಕುಡಿಯಲು, ಅಡುಗೆಗೆ, ಶುಚಿಗೆ ಒಬ್ಬರಿಗೆ ದಿನಕ್ಕೆ ಸುಮಾರು 3.8 ಲೀಟರ್ ನೀರು. ನಾಲ್ವರು ಸಾವಿರ ದಿನ ಇದ್ದರೆ 15,000 ಲೀಟರ್ ದಾಟುತ್ತದೆ. ಅಷ್ಟನ್ನು ಹೊತ್ತು ಮಂಗಳಕ್ಕೆ ಹೋಗುವುದು ಆಗದು. ಬಳಸಿದ ನೀರಿನಲ್ಲಿ ಶೇ 98ರಷ್ಟು ಮರಳಿ ಸಿಕ್ಕರೆ ಹೊಸದಾಗಿ ಬೇಕಾಗುವುದು ಬರೀ 300 ಲೀಟರ್ ಆಸುಪಾಸು.

ಆ ಶೇ 98ರ ಗುರಿಯನ್ನು 2023ರಲ್ಲಿ ನಿಲ್ದಾಣದಲ್ಲಿ ಮುಟ್ಟಿದರು. ಬೆವರು, ಉಸಿರಿನ ತೇವ, ಮೂತ್ರ, ಎಲ್ಲವನ್ನೂ ಹಿಡಿದು ಶುದ್ಧ ಮಾಡುತ್ತಾರೆ. ಮೂತ್ರದಿಂದ ನೀರು ತೆಗೆದ ಮೇಲೂ ಗಟ್ಟಿ ಉಪ್ಪುನೀರು ಉಳಿಯುತ್ತದೆ. ಅದರ ಮೇಲೆ ಬಿಸಿ ಒಣಗಾಳಿ ಹಾಯಿಸಿ ಕೊನೆಯ ಹನಿಗಳನ್ನೂ ಹಿಂಡುವ ಯಂತ್ರ ಬಂದ ಮೇಲೆ ಈ ಮಟ್ಟ ಸಾಧ್ಯವಾಯಿತು. ಕೇಳಿದರೆ ಅಸಹ್ಯ ಎನಿಸಬಹುದು, ಆದರೆ ಆ ನೀರು ನಮ್ಮಲ್ಲಿ ಎಷ್ಟೋ ಊರುಗಳ ನಲ್ಲಿಯ ನೀರಿಗಿಂತ ಶುದ್ಧ.

ಗಾಳಿಯಲ್ಲಿ ಅಷ್ಟು ಮುಂದೆ ಹೋಗಿಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಪಡೆಯುತ್ತಾರೆ. ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ಗೆ ಹೈಡ್ರೋಜನ್ ಸೇರಿಸಿದರೆ ನೀರು ಮತ್ತು ಮೀಥೇನ್ ಆಗುತ್ತದೆ. ನೀರು ಮತ್ತೆ ಬಳಕೆಗೆ ಬರುತ್ತದೆ, ಮೀಥೇನ್ ಹೊರಗೆ ಹೋಗುತ್ತದೆ. ಅದರ ಜೊತೆ ಹೈಡ್ರೋಜನ್ನೂ ಹೋಗುತ್ತದೆ. ಹಾಗಾಗಿ ಡೈಆಕ್ಸೈಡ್‌ನಲ್ಲಿರುವ ಆಮ್ಲಜನಕದಲ್ಲಿ ಅರ್ಧದಷ್ಟನ್ನು ಮಾತ್ರ ಈಗ ಹಿಂದಕ್ಕೆ ಪಡೆಯಲು ಆಗುತ್ತಿದೆ.

ಇದಕ್ಕಿಂತ ದೊಡ್ಡ ತಲೆನೋವು ಯಂತ್ರಗಳ ಬಾಳಿಕೆ. ನಿಲ್ದಾಣದ ಈ ಯಂತ್ರಗಳು ಆಗಾಗ ಕೆಡುತ್ತವೆ. ಪಂಪು, ಫಿಲ್ಟರು, ವಾಲ್ವು ಸರಕು ನೌಕೆಯಲ್ಲಿ ಬರುತ್ತವೆ, ಬದಲಿಸುತ್ತಾರೆ. ಮಂಗಳದ ದಾರಿಯಲ್ಲಿ ಸರಕು ನೌಕೆ ಬರುವುದಿಲ್ಲ. ಮೂರು ವರ್ಷ ಬಿಡಿಭಾಗಕ್ಕೆ ಭೂಮಿಯ ಕಡೆ ನೋಡದೆ ಓಡುವ ನೀರಿನ ಯಂತ್ರವೊಂದು ತಯಾರಾದ ದಿನ, ಅದು ಯಾವ ದೊಡ್ಡ ರಾಕೆಟ್ಟಿಗೂ ಕಡಿಮೆಯಿಲ್ಲದ ಸಾಧನೆ ಎಂದು ನಾನು ನಂಬಿದ್ದೇನೆ.

ಊಟ?

ಈ ಪ್ರಶ್ನೆಯಲ್ಲಿ ನಮ್ಮ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಗಗನಯಾನಕ್ಕೆ ಊಟ ತಯಾರಿಸುತ್ತಿರುವುದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಪುಡಿ ಉದುರಬಾರದು, ಫ್ರಿಜ್ ಇಲ್ಲದೆ ಕೆಡಬಾರದು, ಬಿಸಿ ಮಾಡಿದರೆ ರುಚಿ ಉಳಿಯಬೇಕು. ಗಗನಯಾನದಂಥ ಕೆಲವು ದಿನದ ಯಾತ್ರೆಗೆ ಇಷ್ಟು ಸಾಕು.

ಮಂಗಳಕ್ಕೆ ಸಾಲದು. ಮೊದಲೇ ಕಳಿಸಿಟ್ಟು ಆಮೇಲೆ ತಿನ್ನುವುದು ಸೇರಿಸಿದರೆ ಊಟ ಐದು ವರ್ಷ ಬಾಳಬೇಕು. ಪೊಟ್ಟಣದಲ್ಲಿ ಊಟ ಕೆಡದೆ ಇರಬಹುದು, ಆದರೆ ಒಳಗಿನ ವಿಟಮಿನ್‌ಗಳು ಕಾಲಕ್ರಮೇಣ ಕಡಿಮೆಯಾಗುತ್ತವೆ. ಅದಕ್ಕೇ ಸ್ವಲ್ಪವಾದರೂ ಹಸಿರನ್ನು ಅಲ್ಲೇ ಬೆಳೆಯಬೇಕು. 2015ರಲ್ಲಿ ನಿಲ್ದಾಣದವರು ಅಲ್ಲೇ ಬೆಳೆದ ಕೆಂಪು ಲೆಟಿಸ್ ಸೊಪ್ಪು ತಿಂದರು. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದವರದ್ದು. ಮೊಳಕೆ ಒಳ್ಳೆಯ ಆಯ್ಕೆ ಅನಿಸುತ್ತದೆ ನನಗೆ. ಮಣ್ಣು ಬೇಡ, ಜಾಗ ಬೇಡ, ಎರಡು ಮೂರು ದಿನದಲ್ಲಿ ತಟ್ಟೆಗೆ ಬರುತ್ತದೆ, ಕಾಳು ವರ್ಷಗಟ್ಟಲೆ ಇಡಬಹುದು.

ತೂಕವಿಲ್ಲದೆ ಅಷ್ಟು ದಿನ ಇದ್ದರೆ ದೇಹಕ್ಕೆ ಏನಾಗುತ್ತದೆ?

ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಸ್ನಾಯು ಸೊರಗುತ್ತದೆ. ದೇಹದ ದ್ರವ ತಲೆಯ ಕಡೆ ಏರಿ ಕಣ್ಣಿನ ನರದ ಬುಡ ಊದುತ್ತದೆ, ಕೆಲವರ ದೃಷ್ಟಿಯೇ ಬದಲಾಗುತ್ತದೆ. ಮೂಳೆ, ಸ್ನಾಯುಗಳಿಗೆ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮದ್ದು. ಕಣ್ಣಿನದಕ್ಕೆ ಇನ್ನೂ ಸರಿಯಾದ ಮದ್ದು ಸಿಕ್ಕಿಲ್ಲ. ರಷ್ಯಾದ ವಲೇರಿ ಪೊಲ್ಯಾಕೋವ್ 1994–95ರಲ್ಲಿ ಮೀರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದರು. ಮನುಷ್ಯ ತಡೆದುಕೊಳ್ಳಬಲ್ಲ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಅಲ್ಲಿ ಕಾಯಿಲೆ ಬಿದ್ದರೆ?

ನಿಲ್ದಾಣದಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. 2020ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು, ರೋಗಿಯ ಹೆಸರು ಹೇಳಲಿಲ್ಲ. ಆರು ತಿಂಗಳ ವಾಸಕ್ಕೆ ಹೋದ ಗಗನಯಾತ್ರಿಯೊಬ್ಬರು ಎರಡು ತಿಂಗಳಾದಾಗ ಸಂಶೋಧನೆಗೆಂದು ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಕೊಂಡರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ನಿಲ್ದಾಣದ ಔಷಧಿ ಪೆಟ್ಟಿಗೆಯಲ್ಲಿ ಚುಚ್ಚುಮದ್ದು ಸ್ವಲ್ಪವೇ ಇತ್ತು. ನೆಲದ ಮೇಲಿನ ವೈದ್ಯರು ಅದನ್ನೇ ಲೆಕ್ಕ ಹಾಕಿ ಹಂಚಿ ಕೊಡಿಸಿದರು. ಅಷ್ಟರಲ್ಲಿ ಸರಕು ನೌಕೆಯಲ್ಲಿ ಮಾತ್ರೆ ಬಂತು. ಅವರು ಕ್ಷೇಮವಾಗಿ ಭೂಮಿಗೆ ಬಂದರು.

ಇದರಲ್ಲಿ ಮೂರು ಸಂಗತಿ ಕೈ ಹಿಡಿದವು: ಮಾತಾಡಿದ ಕೂಡಲೇ ಸಿಕ್ಕ ವೈದ್ಯರು, ಹೇಳಿದಂತೆ ಅಲ್ಟ್ರಾಸೌಂಡ್ ಮಾಡಲು ಬಂದ ತರಬೇತಿ, ಮತ್ತು ಸರಕು ನೌಕೆ. ಮಂಗಳದ ದಾರಿಯಲ್ಲಿ ನಡುವಿನದು ಮಾತ್ರ ಉಳಿಯುತ್ತದೆ. ಅದಕ್ಕೇ ತಂಡದಲ್ಲಿ ವೈದ್ಯರು ಇರಬೇಕು, ಜೊತೆಗೆ ಆ ವೈದ್ಯರೇ ಕಾಯಿಲೆ ಬಿದ್ದರೆ ಉಳಿದವರು ನೋಡಿಕೊಳ್ಳುವಷ್ಟು ಕಲಿತಿರಬೇಕು.

ಭೂಮಿಯ ಜೊತೆ ಮಾತಾಡಲು ಆಗುವುದಿಲ್ಲವೇ?

ಆಗುತ್ತದೆ, ತಡವಾಗಿ. ಚಂದ್ರನಿಂದ ಸಂಕೇತ ಬರಲು ಒಂದೂಕಾಲು ಸೆಕೆಂಡು. ಮಂಗಳದಿಂದ 3ರಿಂದ 22 ನಿಮಿಷ. ‘ಹೊಗೆ ಬರುತ್ತಿದೆ, ಏನು ಮಾಡಲಿ’ ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರಬಹುದು. ಸುಮಾರು ಎರಡು ವರ್ಷಕ್ಕೊಮ್ಮೆ ಸೂರ್ಯ ನಡುವೆ ಬಂದಾಗ ಎರಡು ವಾರದಷ್ಟು ಕಾಲ ಸಂಪರ್ಕವೇ ಸರಿಯಾಗಿ ಸಿಗದು. ಹಾಗಾಗಿ ಈಗ ನೆಲದ ಮೇಲೆ ನೂರಾರು ಜನ ಕೂತು ಮಾಡುವ ತೀರ್ಮಾನಗಳನ್ನು ನೌಕೆಯ ಕಂಪ್ಯೂಟರ್ ಮತ್ತು ಒಳಗಿನ ನಾಲ್ವರೇ ಮಾಡಬೇಕಾಗುತ್ತದೆ.

ಸಂಕೇತದ ವೇಗ ಹೆಚ್ಚಿಸಲು ಯಾರಿಂದಲೂ ಆಗದು, ಅದು ಬೆಳಕಿನ ವೇಗ. ಹೊತ್ತು ತರುವ ಮಾಹಿತಿಯನ್ನು ಹೆಚ್ಚಿಸಬಹುದು. 2023ರ ಡಿಸೆಂಬರ್‌ನಲ್ಲಿ ಸೈಕಿ ನೌಕೆ 3.1 ಕೋಟಿ ಕಿ.ಮೀ. ದೂರದಿಂದ ಲೇಸರ್ ಮೂಲಕ ಒಂದು ಬೆಕ್ಕಿನ ವಿಡಿಯೊ ಕಳಿಸಿತು, ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ. ಭಾರತದ ಕಡೆಯಿಂದ ದೂರದ ನೌಕೆಗಳ ಮಾತು ಕೇಳುವ ಕಿವಿ ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿದೆ. ಅಲ್ಲಿನ 32 ಮೀಟರ್ ಆಂಟೆನಾ ಚಂದ್ರಯಾನ, ಮಂಗಳಯಾನ ಎರಡಕ್ಕೂ ದುಡಿದಿದೆ.

ಬೇಗ ಹೋಗುವ ರಾಕೆಟ್ ಮಾಡಿದರೆ ಅರ್ಧ ಸಮಸ್ಯೆ ತೀರುವುದಿಲ್ಲವೇ?

ತೀರುತ್ತದೆ. ವಿಕಿರಣ, ಊಟ, ಮೂಳೆ, ಎಲ್ಲದಕ್ಕೂ ಅದು ಒಳ್ಳೆಯದು. ಪರಮಾಣು ಶಾಖದ ರಾಕೆಟ್ ಈ ಆಸೆಯಿಂದಲೇ ಹುಟ್ಟಿದ್ದು. ರಿಯಾಕ್ಟರಿನ ಬಿಸಿಯಲ್ಲಿ ಹೈಡ್ರೋಜನ್ ಕಾಯಿಸಿ ಹೊರಗೆ ಚಿಮ್ಮಿಸಿದರೆ, ಅಷ್ಟೇ ತೂಕದ ಇಂಧನದಿಂದ ಈಗಿನ ಅತ್ಯುತ್ತಮ ಎಂಜಿನ್‌ನ ಸುಮಾರು ಎರಡು ಪಟ್ಟು ಕೆಲಸ ಸಿಗುತ್ತದೆ. ಅಮೆರಿಕ ಇಂಥ ಎಂಜಿನ್‌ಗಳನ್ನು ನೆವಾಡಾ ಮರುಭೂಮಿಯಲ್ಲಿ ಉರಿಸಿ ನೋಡಿ, 1973ರಲ್ಲಿ ಯೋಜನೆ ನಿಲ್ಲಿಸಿತು. ಆಮೇಲೆ ಡ್ರಾಕೋ ಹೆಸರಿನಲ್ಲಿ ಮತ್ತೆ ಕೈಗೆತ್ತಿಕೊಂಡು 2025ರಲ್ಲಿ ಕೈಬಿಟ್ಟಿತು. ಎರಡು ಸಲವೂ ನಿಂತದ್ದು ನನಗೆ ಬೇಸರದ ಸಂಗತಿ.

ಈಗ ಹೆಚ್ಚು ಕೆಲಸ ನಡೆಯುತ್ತಿರುವುದು ಕಕ್ಷೆಯಲ್ಲೇ ಇಂಧನ ತುಂಬಿಸುವ ದಾರಿಯಲ್ಲಿ. ಚಂದ್ರನಲ್ಲಿ ಜನರನ್ನು ಇಳಿಸಲು ನಾಸಾ ಎರಡು ಖಾಸಗಿ ಕಂಪನಿಗಳನ್ನು, 2021ರಲ್ಲಿ ಸ್ಪೇಸ್‌ಎಕ್ಸ್ ಅನ್ನು, 2023ರಲ್ಲಿ ಬ್ಲೂ ಆರಿಜಿನ್ ಅನ್ನು ಆರಿಸಿತು. ಇಬ್ಬರ ಯೋಜನೆಯೂ ಇದರ ಮೇಲೇ ನಿಂತಿದೆ. ಕೇಳಲು ಸುಲಭ. ಆದರೆ ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಯಲ್ಲಿ, ದ್ರವ ಆಮ್ಲಜನಕ ಮೈನಸ್ 183ರಲ್ಲಿ ಇರಬೇಕು. ಬಿಸಿಲು ತಾಗಿದರೆ ಆವಿಯಾಗಿ ಹೋಗುತ್ತದೆ. ತೂಕವಿಲ್ಲದ ಕಡೆ ದ್ರವ ಟ್ಯಾಂಕಿನ ತಳದಲ್ಲಿ ನಿಲ್ಲದೆ ಉಂಡೆಯಾಗಿ ತೇಲುತ್ತದೆ, ಪಂಪಿಗೆ ದ್ರವ ಸಿಗುತ್ತದೋ ಆವಿ ಸಿಗುತ್ತದೋ ಹೇಳಲಾಗದು. 2024ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ಹಾರಾಟದಲ್ಲಿ ಒಂದೇ ನೌಕೆಯ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ದ್ರವ ಆಮ್ಲಜನಕ ಸಾಗಿಸುವ ಪ್ರಯೋಗ ನಡೆಯಿತು. ನೌಕೆಯಿಂದ ನೌಕೆಗೆ ಟನ್‌ಗಟ್ಟಲೆ ಸಾಗಿಸುವುದು ಅದಕ್ಕಿಂತ ಎಷ್ಟೋ ದೊಡ್ಡ ಹೆಜ್ಜೆ.

ಮಂಗಳದ ಮೇಲೆ ರೋವರ್ ಇಳಿಸಿದವರಿಗೆ ಮನುಷ್ಯರನ್ನು ಇಳಿಸುವುದು ಏನು ಕಷ್ಟ?

ತೂಕ. ಪರ್ಸೆವೆರೆನ್ಸ್ ರೋವರ್ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಇತ್ತು. ಮನುಷ್ಯರ ನೌಕೆ 20 ಟನ್ ಅಥವಾ ಅದಕ್ಕೂ ಹೆಚ್ಚಿರುತ್ತದೆ. ಮಂಗಳದ ಗಾಳಿಯ ಒತ್ತಡ ನಮ್ಮದರ ಶೇ 1ರಷ್ಟೂ ಇಲ್ಲ. ನೌಕೆ ಸುಡುವಷ್ಟು ಗಾಳಿ ಇದೆ, ಪ್ಯಾರಾಶೂಟ್ ಇಷ್ಟು ಭಾರ ಹಿಡಿದು ನಿಲ್ಲಿಸುವಷ್ಟು ಇಲ್ಲ. 2022ರ ನವೆಂಬರ್ 10ರಂದು ನಾಸಾ 6 ಮೀಟರ್ ಅಗಲದ, ಗಾಳಿ ತುಂಬಿ ಹಿಗ್ಗಿಸುವ ಕವಚವೊಂದನ್ನು ಭೂಮಿಯ ವಾತಾವರಣದಲ್ಲಿ ಇಳಿಸಿ ನೋಡಿತು. ಚೆನ್ನಾಗಿ ಕೆಲಸ ಮಾಡಿತು. ಮಡಚಿ ಒಯ್ಯಬಹುದಾದ್ದರಿಂದ ರಾಕೆಟ್ಟಿನ ಮೂತಿಗಿಂತ ಅಗಲವಾದ ಕವಚ ಸಾಧ್ಯ.

ಚಂದ್ರನ ಧೂಳು, ಚಂದ್ರನ ರಾತ್ರಿ: ಇವು ದೊಡ್ಡ ವಿಷಯವೇ?

ಹೌದು. ಚಂದ್ರನಲ್ಲಿ ಗಾಳಿ ಮಳೆ ಇಲ್ಲ, ಹಾಗಾಗಿ ಧೂಳಿನ ಕಣಗಳ ಅಂಚು ಸವೆಯದೆ ಗಾಜಿನ ಚೂರಿನಂತೆ ಚೂಪಾಗಿಯೇ ಉಳಿದಿದೆ. ಅಪೊಲೊದವರ ಸೂಟಿನ ಬಟ್ಟೆ ತಿಂದಿತು, ಕೀಲುಗಳಲ್ಲಿ ಸೇರಿತು. ಅಪೊಲೊ 17ರ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್‌ಗೆ ಮೂಗು ಕಟ್ಟಿ ಅಲರ್ಜಿಯೇ ಆಯಿತು. ವಿದ್ಯುತ್ ಕ್ಷೇತ್ರದಿಂದ ಧೂಳನ್ನು ತಾನಾಗಿ ಕೊಡವಿ ಹಾಕುವ ಫಲಕವನ್ನು 2025ರ ಮಾರ್ಚ್‌ನಲ್ಲಿ ಬ್ಲೂ ಘೋಸ್ಟ್ ಎಂಬ ಖಾಸಗಿ ನೌಕೆ ಚಂದ್ರನ ಮೇಲೇ ಪ್ರಯೋಗಿಸಿ ತೋರಿಸಿತು.

ಅಲ್ಲಿನ ರಾತ್ರಿ ನಮ್ಮ 14 ದಿನದಷ್ಟು ಉದ್ದ. 2023ರ ಆಗಸ್ಟ್ 23ರಂದು ಇಳಿದ ನಮ್ಮ ವಿಕ್ರಮ್ ಮತ್ತು ಪ್ರಗ್ಯಾನ್ ಒಂದು ಹಗಲು ಕೆಲಸ ಮುಗಿಸಿ ಮಲಗಿದವು, ರಾತ್ರಿಯ ಚಳಿ ಕಳೆದ ಮೇಲೆ ಎಚ್ಚರಗೊಳ್ಳಲಿಲ್ಲ. ಅವು ಒಂದು ಹಗಲಿಗೆಂದೇ ಮಾಡಿದವು, ಅದರಲ್ಲಿ ಸೋಲೇನೂ ಇಲ್ಲ. ಮನುಷ್ಯರು ಇರಬೇಕಾದರೆ ಮಾತ್ರ ಆ ರಾತ್ರಿ ಕಳೆಯುವಷ್ಟು ವಿದ್ಯುತ್ ಬೇಕೇ ಬೇಕು. 2018ರಲ್ಲಿ ನೆವಾಡಾದಲ್ಲಿ ಕ್ರಸ್ಟಿ ಎಂಬ ಪುಟ್ಟ ರಿಯಾಕ್ಟರ್ 28 ಗಂಟೆ ಯಶಸ್ವಿಯಾಗಿ ಓಡಿತು. ಚಂದ್ರನ ಮನೆಗೆ ಬಹುಶಃ ಅಂಥದ್ದೇ ಬೇಕಾಗುತ್ತದೆ.

ಅಲ್ಲಿ ಸಿಗುವುದನ್ನೇ ಬಳಸಿಕೊಳ್ಳಲು ಆಗುವುದಿಲ್ಲವೇ?

ಆಗಬೇಕು, ಬೇರೆ ದಾರಿಯಿಲ್ಲ. ಚಂದ್ರನಲ್ಲಿ ನೀರಿನ ಅಂಶ ಇದೆ ಎನ್ನುವುದನ್ನು ಖಚಿತಪಡಿಸಿದ್ದರಲ್ಲಿ 2008ರ ಚಂದ್ರಯಾನ 1ರ ಪಾತ್ರ ದೊಡ್ಡದು. ಎಲ್ಲರೂ ಈಗ ದಕ್ಷಿಣ ಧ್ರುವದ ಕಡೆ ಮುಖ ಮಾಡಿರುವುದಕ್ಕೆ ಅಲ್ಲಿನ ಕತ್ತಲ ಕುಳಿಗಳ ಮಂಜುಗಡ್ಡೆಯೇ ಕಾರಣ.

ಮಂಗಳದ ಗಾಳಿಯಲ್ಲಿ ಶೇ 95 ಇಂಗಾಲದ ಡೈಆಕ್ಸೈಡ್. ಪರ್ಸೆವೆರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಅದನ್ನು 800 ಡಿಗ್ರಿಗೆ ಕಾಯಿಸಿ, ವಿದ್ಯುತ್ತಿನಿಂದ ಒಡೆದು, ಆಮ್ಲಜನಕ ತೆಗೆಯಿತು. 2021ರಿಂದ 2023ರವರೆಗೆ 16 ಸಲ ಓಡಿ ಒಟ್ಟು 122 ಗ್ರಾಂ. ಒಬ್ಬರಿಗೆ ದಿನಕ್ಕೆ ಬೇಕಾದದ್ದು ಸುಮಾರು 840 ಗ್ರಾಂ, ನಾಲ್ವರು ಮಂಗಳದಿಂದ ಮೇಲೇರಲು ರಾಕೆಟ್ಟಿಗೆ ಬೇಕಾದದ್ದು 25 ಟನ್. ಹಾಗೆ ನೋಡಿದರೆ 122 ಗ್ರಾಂ ಏನೂ ಅಲ್ಲ. ಆದರೆ ಇನ್ನೊಂದು ಗ್ರಹದ ಗಾಳಿಯಿಂದ ಉಸಿರಾಡುವ ಅನಿಲ ಮಾಡಿದ್ದು ಅದೇ ಮೊದಲು. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಪ್ರಯೋಗ ಅದು.

ಮನೆ ಕಟ್ಟುವುದಕ್ಕೂ ಇದೇ ಯೋಚನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋದವರು ಸೇರಿ ಚಂದ್ರನ ಮಣ್ಣಿನಂಥ ಮಣ್ಣಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿದ್ದಾರೆ. ಯೂರಿಯಾ ಮೂತ್ರದಿಂದಲೇ ಸಿಗುತ್ತದೆ.

ರೋಬೋಗಳೇ ಸಾಕಲ್ಲ, ಮನುಷ್ಯರು ಯಾಕೆ?

ಅಪೊಲೊ 17ರ ಇಬ್ಬರು ಮೂರು ದಿನದಲ್ಲಿ ಬಗ್ಗಿಯಲ್ಲಿ ಸುಮಾರು 35 ಕಿ.ಮೀ. ಓಡಾಡಿದರು. ಮಂಗಳದ ಆಪರ್ಚುನಿಟಿ ರೋವರ್‌ಗೆ 42 ಕಿ.ಮೀ. ಮುಟ್ಟಲು 11 ವರ್ಷ ಬೇಕಾಯಿತು. ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಮಣ್ಣು ಕಂಡ ಶ್ಮಿಟ್ ಅಲ್ಲೇ ನಿಂತು ಅಗೆದರು. ಅದು ಹಳೆಯ ಜ್ವಾಲಾಮುಖಿಯ ಗಾಜಿನ ಮಣಿಗಳು ಎಂದು ಆಮೇಲೆ ತಿಳಿಯಿತು. ಕಲಿತ ಕಣ್ಣು ಸ್ಥಳದಲ್ಲೇ ಇರುವುದರ ಬೆಲೆ ಅದು.

ಆದರೂ ಮೊದಲು ರೋಬೋಗಳೇ ಹೋಗಬೇಕು. ಮನುಷ್ಯರು ಹೋಗುವ ಮುಂಚೆ ಅಲ್ಲಿ ವಿದ್ಯುತ್, ಆಮ್ಲಜನಕ, ವಾಪಸ್ ಬರುವ ನೌಕೆ ಸಿದ್ಧವಾಗಿ ಕಾಯುತ್ತಿರಬೇಕು. ಅದಕ್ಕೆ ಮೊದಲೇ ಜನರನ್ನು ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ಭಾರತ ಎಲ್ಲಿದೆ?

ಗಗನಯಾನದ ಗುರಿ ಸುಮಾರು 400 ಕಿ.ಮೀ. ಕಕ್ಷೆ. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಎಂದು ಸರ್ಕಾರ ಗುರಿ ಇಟ್ಟಿದೆ. ಅದಕ್ಕೆ ಬೇಕಾದ ತುಂಡುಗಳು ಒಂದೊಂದಾಗಿ ಬರುತ್ತಿವೆ. ಅಪಾಯವಾದರೆ ಗಗನಯಾತ್ರಿಗಳನ್ನು ರಾಕೆಟ್ಟಿನಿಂದ ದೂರ ಒಯ್ಯುವ ವ್ಯವಸ್ಥೆಯನ್ನು 2023ರ ಅಕ್ಟೋಬರ್ 21ರಂದು ಪರೀಕ್ಷಿಸಿದರು. 2025ರ ಜನವರಿ 16ರಂದು ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಒಂದಕ್ಕೊಂದು ಜೋಡಿಕೊಂಡವು. ಚಂದ್ರನ ಮಣ್ಣು ತರುವ ಚಂದ್ರಯಾನ 4ಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದಕ್ಕೂ ಇದೇ ಜೋಡಣೆ ಬೇಕು. ನಮ್ಮಲ್ಲಿ ಕಾಣದೇ ನಡೆಯುತ್ತಿರುವ ಕಷ್ಟದ ಕೆಲಸ ಎಂದರೆ ನೌಕೆಯೊಳಗಿನ ಗಾಳಿ, ಬಿಸಿ, ತೇವ ಕಾಯುವ ವ್ಯವಸ್ಥೆ. ಅದನ್ನು ಇಸ್ರೋ ತಾನೇ ಕಟ್ಟುತ್ತಿದೆ. ನಾಳೆ ಚಂದ್ರನಿಗೆ ಹೋಗಲು ಈ ಅನುಭವವೇ ಅಡಿಪಾಯ.

ಮಂಗಳಕ್ಕೆ ಮನುಷ್ಯರು ಯಾವ ವರ್ಷ ಹೋಗುತ್ತಾರೆ?

ಇಸವಿ ಹೇಳುವವರನ್ನು ನಂಬಬೇಡಿ. ಇಸವಿಯ ಬದಲು ಈ ಸುದ್ದಿಗಳಿಗೆ ಕಿವಿಗೊಡಿ: ಕಕ್ಷೆಯಲ್ಲಿ ನೌಕೆಯಿಂದ ನೌಕೆಗೆ ಇಂಧನ ತುಂಬಿಸಿದರೇ? ಚಂದ್ರನ ಒಂದು ಪೂರ್ತಿ ರಾತ್ರಿಯನ್ನು ಜನ ಅಲ್ಲೇ ಕಳೆದರೇ? ಗಾಳಿ ನೀರಿನ ಯಂತ್ರ ಬಿಡಿಭಾಗ ತರಿಸದೆ ವರ್ಷಗಟ್ಟಲೆ ಓಡಿತೇ? ಮಂಗಳದಲ್ಲಿ ಹತ್ತಾರು ಟನ್ ಇಳಿಯಿತೇ? ಇವೆಲ್ಲ ಆಗುವವರೆಗೆ ಮಂಗಳದ ತಾರೀಖು ಬರೀ ಆಸೆ.

ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಈ ಕೆಲಸಕ್ಕೆ ಬರಬೇಕೆಂದರೆ ಎಂಜಿನಿಯರಿಂಗ್ ಮಾತ್ರವೇ ದಾರಿ?

ಅಲ್ಲ, ಇದನ್ನು ದಯವಿಟ್ಟು ಅವಳಿಗೆ ಹೇಳಿ. ಎಂಜಿನಿಯರಿಂಗ್ ಮತ್ತು ಭೌತವಿಜ್ಞಾನಕ್ಕೆ ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ (ಐಐಎಸ್‌ಟಿ) ಇದೆ, ಇಸ್ರೋದ ನೇಮಕಾತಿ ಪರೀಕ್ಷೆಗಳಿವೆ. ಆದರೆ ಮೊಳಕೆಯ ಪ್ರಯೋಗ ಮಾಡಿದ್ದು ಕೃಷಿ ವಿಶ್ವವಿದ್ಯಾಲಯ. ಊಟ ಮಾಡುತ್ತಿರುವವರು ಆಹಾರ ವಿಜ್ಞಾನ ಓದಿದವರು. ಗಗನಯಾತ್ರಿಗಳ ಆರೋಗ್ಯ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ, ಅಲ್ಲಿರುವವರು ವೈದ್ಯರು. ವಿಕಿರಣಕ್ಕೆ ಜೀವವಿಜ್ಞಾನ ಬೇಕು, ಕವಚಕ್ಕೆ ರಸಾಯನಶಾಸ್ತ್ರ ಬೇಕು, ಮೂರು ವರ್ಷ ಒಂದೇ ಕೋಣೆಯಲ್ಲಿ ಇರುವ ನಾಲ್ವರಿಗೆ ಮನಃಶಾಸ್ತ್ರ ಗೊತ್ತಿರುವವರು ಬೇಕು. ಅವಳಿಗೆ ಯಾವ ವಿಷಯ ಇಷ್ಟವೋ ಅದನ್ನೇ ಚೆನ್ನಾಗಿ ಓದಲಿ. ಇಸ್ರೋ ಕೇಂದ್ರಗಳ ವಿದ್ಯಾರ್ಥಿ ಕಾರ್ಯಕ್ರಮಗಳ ಪ್ರಕಟಣೆ ಇಸ್ರೋ ಜಾಲತಾಣದಲ್ಲಿ ಬರುತ್ತಿರುತ್ತದೆ, ಡಿಗ್ರಿ ಸೇರಿದ ಮೊದಲ ವರ್ಷದಿಂದಲೇ ಅದನ್ನು ನೋಡುತ್ತಿರಲಿ.